ಒಂದು ಅಕ್ಷರಕ್ಕೆ ಫೋನ್ ಯಾಕೆ ಬಿತ್ತು?

ನಿಮ್ಮ ಫೋನಲ್ಲಿ ನೀವು ಇನ್‌ಸ್ಟಾಲ್ ಮಾಡದ, ಐಕಾನ್ ಕೂಡ ಇಲ್ಲದ ಒಂದಷ್ಟು ಕೋಡ್ ಇದೆ. ಎಲ್ಲ ಆ್ಯಪ್‌ಗಳೂ ಅದರ ಮೇಲೇ ನಿಂತಿವೆ. ಸಿಸ್ಟಂ ಲೈಬ್ರರಿ ಅಂತಾರೆ. ಅದಕ್ಕೆ ಯಾರಾದ್ರೂ ಅಡ್ಡಾದಿಡ್ಡಿ ಮಾಹಿತಿ ಕೊಟ್ಟರೆ ಏನಾಗುತ್ತೆ ಅನ್ನೋದು ಇವತ್ತಿನ ವಿಷಯ.

2018ರ ಫೆಬ್ರವರಿ ನೆನಪಿದೆಯಾ? ತೆಲುಗಿನ ಒಂದೇ ಅಕ್ಷರ, ನಮ್ಮ ‘ಜ್ಞಾ’ ಇದೆಯಲ್ಲ, ಅದರದ್ದೇ ತೆಲುಗು ರೂಪ, ಐಫೋನ್‌ಗಳನ್ನ ಕೆಡವೋಕೆ ಶುರು ಮಾಡ್ತು. ಮೆಸೇಜಲ್ಲಿ ಬಂದ್ರೆ ಆ ಆ್ಯಪ್ ಕ್ರ್ಯಾಶ್. ನೋಟಿಫಿಕೇಶನ್‌ನಲ್ಲಿ ಬಂದ್ರೆ ಹೋಮ್ ಸ್ಕ್ರೀನೇ ಕ್ರ್ಯಾಶ್. ವಾಟ್ಸ್‌ಆ್ಯಪ್, ಜಿಮೇಲ್ ಎಲ್ಲಕ್ಕೂ ಅದೇ ಗತಿ.

ಬೇರೆ ಬೇರೆ ಕಂಪನಿಯ ಆ್ಯಪ್‌ಗಳು ಒಟ್ಟಿಗೆ ಬಿದ್ದಿದ್ದು ಯಾಕೆ? ಅಕ್ಷರ ಬರೆಯೋ ಕೆಲಸವನ್ನ ಅವು ತಾವೇ ಮಾಡಲ್ಲ. ಐಫೋನಲ್ಲಿ ಕೋರ್‌ಟೆಕ್ಸ್ಟ್ ಅನ್ನೋ ಲೈಬ್ರರಿಗೆ ಒಪ್ಪಿಸಿಬಿಡ್ತವೆ. ನಮ್ಮ ಕಣ್ಣಿಗೆ ಒಂದೇ ಆಗಿ ಕಾಣೋ ಆ ಅಕ್ಷರ ಒಳಗೆ ಐದು ಸಂಕೇತ: ಜ, ಹಲಂತ, ಞ, ಕಣ್ಣಿಗೆ ಕಾಣದ ಒಂದು ಚಿಹ್ನೆ, ಕೊನೆಗೆ ದೀರ್ಘ. ಆ ಕಾಣದ ಚಿಹ್ನೆ ನಮಗೆ ಹೊಸದೇನಲ್ಲ. ‘ಸಾಫ್ಟ್‌ವೇರ್’ ಅಂತ ಬರೆಯುವಾಗ ಟ ಕೆಳಗೆ ವ ಒತ್ತಾಗಿ ಇಳಿಯದಂತೆ ತಡೆಯೋದು ಅದೇ. ಆದರೆ ಆ ಜಾಗದಲ್ಲಿ ಅದು ಬರಬಹುದು ಅಂತ ಲೈಬ್ರರಿ ಎಣಿಸಿರಲಿಲ್ಲ. ಮೆಮೊರಿ ಕೆಟ್ಟಿತು, ಆ್ಯಪ್ ಬಿತ್ತು. ಫೆಬ್ರವರಿ 19ಕ್ಕೆ ಆಪಲ್ ಐಒಎಸ್ 11.2.6 ಬಿಟ್ಟು ಸರಿಮಾಡ್ತು.

ಕೋರ್‌ಟೆಕ್ಸ್ಟ್‌ನ ಕೋಡ್ ನಮಗೆ ನೋಡೋಕೆ ಸಿಗಲ್ಲ. ಆದರೆ ಮೆಮೊರಿ ಕೆಡಿಸೋ ಇನ್ನೊಂದು ತಪ್ಪು 2015ರಲ್ಲಿ ಆಂಡ್ರಾಯ್ಡ್‌ನಲ್ಲಿ ಸಿಕ್ಕಿತ್ತು. ಅದು ಯಾರು ಬೇಕಾದ್ರೂ ಓದಬಹುದಾದ ಕೋಡ್, ಹಾಗಾಗಿ ಪಾಠ ಅಲ್ಲಿ ಸ್ಪಷ್ಟವಾಗಿ ಕಾಣುತ್ತೆ. ಲೈಬ್ರರಿ ಹೆಸರು ಸ್ಟೇಜ್‌ಫ್ರೈಟ್, ವಿಡಿಯೊ ಫೈಲ್ ಬಿಚ್ಚಿ ಓದೋ ಕೆಲಸ. ತಪ್ಪು ಹಿಡಿದವರು ಜಿಂಪೀರಿಯಂ ಕಂಪನಿಯ ಜೋಶುವಾ ಡ್ರೇಕ್. ಸುಮಾರು 95 ಕೋಟಿ ಫೋನ್‌ಗಳಿಗೆ ಅಪಾಯ ಅಂತ ಕಂಪನಿ ಅಂದಾಜು ಮಾಡಿತ್ತು. ಎಂಎಂಎಸ್‌ನಲ್ಲಿ ವಿಡಿಯೊ ಬಂದ್ರೆ ಸಾಕು. ನೀವು ತೆರೆಯೋಕೆ ಮುಂಚೆನೇ ಫೋನ್ ಅದನ್ನ ಓದೋಕೆ ಹೊರಡ್ತಿತ್ತು.

ನಾನು ಬಿ.ಕಾಂ ಓದಿದವನು, ಬ್ಯಾಂಕಿನ ಉದಾಹರಣೆ ಕೊಡ್ತೀನಿ. ಚಲನ್ ಮೇಲೆ ಹತ್ತು ಸಾವಿರ ಅಂತ ಬರೆದಿದೆ. ಕ್ಯಾಷಿಯರ್ ನೋಟು ಎಣಿಸದೆ ಮೊಹರು ಒತ್ತಿದ್ರೆ? ಸ್ಟೇಜ್‌ಫ್ರೈಟ್ ಮಾಡಿದ್ದು ಅದೇ. ವಿಡಿಯೊ ಫೈಲ್ ತುಂಡು ತುಂಡಾಗಿ ಇರುತ್ತೆ, ಪ್ರತಿ ತುಂಡೂ ‘ನನ್ನ ಗಾತ್ರ ಇಷ್ಟು’ ಅಂತ ಹೇಳುತ್ತೆ. ಸಬ್‌ಟೈಟಲ್ ತುಂಡುಗಳು ಬಂದಾಗ ಲೈಬ್ರರಿ ಹಳೇ ಗಾತ್ರಕ್ಕೆ ಹೊಸ ಗಾತ್ರ ಕೂಡಿಸಿ, ಅಷ್ಟು ಮೆಮೊರಿ ಕೇಳ್ತಿತ್ತು.

ಎಡವಟ್ಟಾಗಿದ್ದು ಆ ಕೂಡಿಸೋ ಲೆಕ್ಕದಲ್ಲಿ. 32 ಬಿಟ್ ಸಂಖ್ಯೆಯ ಗರಿಷ್ಠ 4294967295. ಅದಕ್ಕೆ ಒಂದು ಸೇರಿಸಿದ್ರೆ ಸೊನ್ನೆ. ಹಳೇ ಬೈಕಿನ ಮೀಟರ್ 99999 ದಾಟಿ 00000 ಆಗುತ್ತಲ್ಲ, ಹಾಗೆ. ಮೋಸದ ಫೈಲ್ ದೊಡ್ಡ ಗಾತ್ರ ಹೇಳಿದ್ರೆ ಮೊತ್ತ ಸುತ್ತು ಹೊಡೆದು ಚಿಕ್ಕದಾಗ್ತಿತ್ತು. ಸಿಗೋದು ಚಿಕ್ಕ ಡಬ್ಬಿ, ಸುರಿಯೋದು ಒಂದು ಮೂಟೆ. ಉಕ್ಕಿದ್ದು ಪಕ್ಕದ ಮೆಮೊರಿ ಮೇಲೆ. ಅಲ್ಲಿ ಏನು ಬೀಳಬೇಕು ಅಂತ ದಾಳಿಕೋರ ಲೆಕ್ಕ ಹಾಕಿ ಕಳಿಸಿದ್ರೆ, ಫೋನ್ ಅವನ ಮಾತು ಕೇಳೋಕೆ ಶುರು.

ಮುಂದಿನ ಕಥೆ ಇನ್ನೂ ಸ್ವಾರಸ್ಯ. ಇದನ್ನ ಸರಿಮಾಡೋಕೆ ನಾಲ್ಕು ಸಾಲಿನ ಪ್ಯಾಚ್ ಬಂತು, ಅದರಲ್ಲೂ ತೂತು! ಗರಿಷ್ಠದಿಂದ ತುಂಡಿನ ಗಾತ್ರ ಕಳೆದು, ಉಳಿದ ಜಾಗ ಸಾಕಾ ಅಂತ ನೋಡಿದ್ರು. ಆದರೆ ತುಂಡಿನ ಗಾತ್ರ 64 ಬಿಟ್ ಸಂಖ್ಯೆ, ಅದೇ ಗರಿಷ್ಠಕ್ಕಿಂತ ದೊಡ್ಡದಿರಬಹುದು. ಋಣ ಸಂಖ್ಯೆ ಗೊತ್ತಿಲ್ಲದ ಲೆಕ್ಕದಲ್ಲಿ ಸೊನ್ನೆಗಿಂತ ಕೆಳಗೆ ಹೋದ್ರೆ ಸಿಗೋದು ಭಾರಿ ದೊಡ್ಡ ಸಂಖ್ಯೆ. ‘ಜಾಗ ಬೇಕಾದಷ್ಟಿದೆ’ ಅಂತ ತಪಾಸಣೆಯೇ ಪಾಸ್ ಮಾಡಿಬಿಡ್ತು. ಮತ್ತೆ ತಿದ್ದಬೇಕಾಯ್ತು.

ಹಾಗಾದ್ರೆ ದಾರಿ ಏನು? ಮೊದಲನೆಯದು, ಹೊರಗಿನಿಂದ ಬಂದ ಯಾವ ಸಂಖ್ಯೆಯನ್ನೂ ಎಣಿಸದೆ ನಂಬಬಾರದು. ಹೊಂದಲಿಲ್ಲ ಅಂದ್ರೆ ಆ ಫೈಲ್ ಒಂದನ್ನೇ ತಳ್ಳಿಹಾಕಬೇಕು, ಮನೆಯೆಲ್ಲ ಉರುಳಬಾರದು. ಆದರೆ ಎಷ್ಟೇ ಜಾಣರಾದ್ರೂ ತಪಾಸಣೆ ಬರೆಯುವಾಗ ತಪ್ಪುತ್ತಾರೆ ಅಂತ ಆ ಪ್ಯಾಚೇ ತೋರಿಸ್ತಲ್ಲ. ಅದಕ್ಕೇ ಎರಡನೇ ಗೋಡೆ ಬೇಕು. 2016ರ ಆಂಡ್ರಾಯ್ಡ್ 7ರಲ್ಲಿ ಈ ಮೀಡಿಯಾ ಕೆಲಸವನ್ನ ಬೇರೆ ಬೇರೆ ಕೋಣೆಗೆ ಹಂಚಿ, ಪ್ರತಿಯೊಂದಕ್ಕೂ ಅಗತ್ಯದಷ್ಟೇ ಅಧಿಕಾರ ಕೊಟ್ರು. ಲೆಕ್ಕ ಸುತ್ತು ಹೊಡೆದ್ರೆ ಆ ಕೆಲಸ ಅಲ್ಲೇ ನಿಂತುಬಿಡೋ ಹಾಗೂ ಮಾಡಿದ್ರು. ಮೂರನೆಯದು ಫಜಿಂಗ್: ಬೇಕಂತಲೇ ಕೆಡಿಸಿದ ಫೈಲ್‌ಗಳನ್ನ ಲೆಕ್ಕವಿಲ್ಲದಷ್ಟು ಎಸೆದು, ಕಳ್ಳರಿಗಿಂತ ಮೊದಲು ತೂತು ಹುಡುಕೋದು.

ನಾಲ್ಕನೆಯದು ಭಾಷೆ ಬದಲಾಯಿಸೋದು. ರಸ್ಟ್‌ನಂಥ ಭಾಷೆ ಡಬ್ಬಿಯ ಆಚೆ ಸುರಿಯೋಕೆ ಬಿಡಲ್ಲ. ಗೂಗಲ್ ಪ್ರಕಾರ ಆಂಡ್ರಾಯ್ಡ್‌ನ ಒಟ್ಟು ಭದ್ರತಾ ದೋಷಗಳಲ್ಲಿ ಮೆಮೊರಿ ದೋಷದ ಪಾಲು 2019ರಲ್ಲಿ ಶೇ 76 ಇತ್ತು. 2022ಕ್ಕೆ ಶೇ 35ಕ್ಕೆ ಇಳಿದಿದೆ.

ನಮಗೇನು ಕೆಲಸ ಅಂತೀರಾ? ಇದೆ. ಸ್ಟೇಜ್‌ಫ್ರೈಟ್ ಬೆನ್ನಲ್ಲೇ ಗೂಗಲ್ ತನ್ನ ನೆಕ್ಸಸ್ ಫೋನ್‌ಗಳಿಗೆ ತಿಂಗಳಿಗೊಂದು ಭದ್ರತಾ ಅಪ್‌ಡೇಟ್ ಕೊಡೋಕೆ ಶುರು ಮಾಡ್ತು. ನಿಮ್ಮ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಸೆಕ್ಯುರಿಟಿ ಅಪ್‌ಡೇಟ್ ದಿನಾಂಕ ನೋಡಿ. ಸೆಕೆಂಡ್ ಹ್ಯಾಂಡ್ ಫೋನ್ ತಗೊಳ್ಳೋರು ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಕೇಳೋಕೆ ಮುಂಚೆ ಇದನ್ನ ಕೇಳಿ. ಅಪ್‌ಡೇಟ್ ನಿಂತುಹೋದ ಫೋನಲ್ಲಿ ಸಿಕ್ಕ ತೂತು ಹಾಗೇ ಉಳಿಯುತ್ತೆ, ಅದು ಎಲ್ಲಿದೆ ಅಂತ ಜಗತ್ತಿಗೆಲ್ಲ ಗೊತ್ತಿರುತ್ತೆ.

‘ಅಪ್‌ಡೇಟ್ ನೌ’ ಅಂತ ಬಂದಾಗ ‘ನಾಳೆ’ ಅಂತ ಒತ್ತೋ ಗೆಳೆಯರಿದ್ರೆ ಈ ಕಂತು ಅವರಿಗೆ ಕಳಿಸಿ. ಮುಂದಿನ ವಾರ ಸಿಗೋಣ, ನಮಸ್ಕಾರ.