ಅಣ್ಣ, ಅಪ್ಪ ಮತ್ತು ಅರ್ಥಿಂಗ್ ಗುಂಡಿ

ನಾನು ದುಬೈನಲ್ಲಿ ಎಲೆಕ್ಟ್ರಿಷಿಯನ್. ಭಾಷಣ ಮಾಡಿ ಅಭ್ಯಾಸವಿಲ್ಲ.

ನನ್ನ 2 ವರ್ಷದ ಐಟಿಐಗಾಗಿ ಅಣ್ಣ ಪಿಯುಸಿ ಬಿಟ್ಟು ಅಪ್ಪನ ಜೊತೆ ಹೊಲಕ್ಕಿಳಿದ. ನಮ್ಮ ಕಡೆ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಬರೋದು ಹೆಚ್ಚಾಗಿ ರಾತ್ರಿ. ಸ್ಟಾರ್ಟರ್ ಪೆಟ್ಟಿಗೆಗೆ ಅರ್ಥಿಂಗ್ ಇರಲಿಲ್ಲ. "ಬೇರೆಯವರಿಗೆ ಯಾಕಣ್ಣ ದುಡ್ಡು, ರಜೆಗೆ ಬಂದಾಗ ನಾನೇ ಮಾಡ್ತೀನಿ" ಅಂದಿದ್ದೆ. ಎರಡು ಸಲ ರಜೆಗೆ ಹೋದೆ. ಮದುವೆ, ಜಾತ್ರೆ ಅಂತ ದಿನ ಮುಗೀತು. ಒಂದು ಮಳೆಗಾಲದ ರಾತ್ರಿ ಮೋಟರ್ ಹಾಕಲು ಹೋದ ಅಣ್ಣ ಆ ಪೆಟ್ಟಿಗೆ ಮುಟ್ಟಿ ಅಲ್ಲೇ ತೀರಿಕೊಂಡ.

ತಿಥಿ ಮುಗಿದ ಮಾರನೇ ದಿನ ಗುಂಡಿ ತೋಡಿ, ಪೈಪು ಇಳಿಸಿ, ಇದ್ದಿಲು ಉಪ್ಪು ತುಂಬಿದೆ. ಅಪ್ಪ ಬದುವಿನ ಮೇಲೆ ಕೂತು ನೋಡ್ತಿದ್ದ. ಒಂದು ಮಾತೂ ಬೈಯಲಿಲ್ಲ. ಅಲ್ಲಿ ಮಣ್ಣು ಒಣಗಬಾರದು ಅಂತ ಹೇಳಿ ಬಂದೆ. ಈಗ ದಿನಾ ಬೆಳಿಗ್ಗೆ ಆ ಗುಂಡಿಗೆ ಒಂದು ಕೊಡ ನೀರು ಹಾಕಿ ಬಂದಮೇಲೇ ಅಪ್ಪ ಕಾಫಿ ಕುಡಿಯೋದಂತೆ. ಅತ್ತಿಗೆ ಫೋನಿನಲ್ಲಿ ಹೇಳಿದ್ರು.