ತಂತಿಯ ದನಿ ವಿದ್ಯುತ್ತಾದ ಕಥೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಶಾಲೆಗೆ ಐವತ್ತು ತುಂಬಿದ ಈ ಸಂಭ್ರಮದಲ್ಲಿ ಎರಡು ಮಾತಾಡಲು ಅವಕಾಶ ಕೊಟ್ಟ ಸಮಿತಿಯವರಿಗೆ ಕೃತಜ್ಞತೆಗಳು. ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದು ನೀವು ಅಂದುಕೊಂಡಿರಬಹುದು. ನಾನು ಆರಿಸಿಕೊಂಡಿರುವುದು ಎಲೆಕ್ಟ್ರಿಕ್ ಗಿಟಾರ್. ಕೆಲಸ ಮುಗಿದ ಮೇಲೆ ಒಂದಷ್ಟು ಹೊತ್ತು ನಾನು ನುಡಿಸುವ ವಾದ್ಯ ಅದು. ಅದಕ್ಕಿಂತ ಮುಖ್ಯ ಕಾರಣವೆಂದರೆ, ಈ ಕೊಠಡಿಗಳಲ್ಲಿ ನಾವು ಓದಿದ ಒಂದು ಪಾಠ ಆ ವಾದ್ಯದೊಳಗೆ ಕೂತಿದೆ.

ಆ ಪಾಠ ವಿದ್ಯುತ್ಕಾಂತೀಯ ಪ್ರೇರಣೆ. ತಾಮ್ರದ ಸುರುಳಿಯ ಬಳಿ ಅಯಸ್ಕಾಂತವನ್ನು ಆಡಿಸಿದರೆ ಗ್ಯಾಲ್ವನೋಮೀಟರಿನ ಮುಳ್ಳು ಅಲುಗುತ್ತದೆ ಎಂದು ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿದರು. ಅದಾಗಿ ನೂರು ವರ್ಷದ ಮೇಲೆ ಅಮೆರಿಕದಲ್ಲಿ ಗಿಟಾರ್ ವಾದಕರಿಗೆ ಒಂದು ಕಷ್ಟ ಎದುರಾಗಿತ್ತು. ನೃತ್ಯದ ಬ್ಯಾಂಡುಗಳಲ್ಲಿ ಡ್ರಮ್ಮು, ತುತ್ತೂರಿಗಳ ಅಬ್ಬರ. ಪಾಪದ ಗಿಟಾರು ಯಾರಿಗೂ ಕೇಳಿಸುತ್ತಿರಲಿಲ್ಲ. ಜಾರ್ಜ್ ಬೊಶಾಂ ಎಂಬ ವಾದಕರು, ಲೋಹದ ಬಿಡಿಭಾಗಗಳ ಕಾರ್ಖಾನೆ ನಡೆಸುತ್ತಿದ್ದ ಅಡಾಲ್ಫ್ ರಿಕನ್‌ಬ್ಯಾಕರ್ ಜೊತೆ ಸೇರಿ ಇದಕ್ಕೊಂದು ದಾರಿ ಹುಡುಕಿದರು. 1932ರಲ್ಲಿ ಮಾರಾಟಕ್ಕೆ ಬಂದ ಅವರ ಅಲ್ಯೂಮಿನಿಯಂ ಗಿಟಾರು ಬಾಣಲೆಯ ಹಾಗಿತ್ತು. ಜನ ಅದನ್ನು 'ಫ್ರೈಯಿಂಗ್ ಪ್ಯಾನ್' ಎಂದೇ ಕರೆದರು.

ಅದರ ಒಳಗುಟ್ಟು ಇಷ್ಟೇ. ಉಕ್ಕಿನ ತಂತಿಯ ಕೆಳಗೆ ಅಯಸ್ಕಾಂತ, ಅದರ ಜೊತೆಗೆ ಸಾವಿರಾರು ಸುತ್ತಿನ ಸಣ್ಣ ತಾಮ್ರದ ಸುರುಳಿ. ಇದಕ್ಕೆ ಪಿಕಪ್ ಎನ್ನುತ್ತಾರೆ. ಅಯಸ್ಕಾಂತದ ಬಳಿ ಇರುವ ಉಕ್ಕಿನ ತಂತಿಗೂ ಕಾಂತತ್ವ ಬರುತ್ತದೆ. ಆ ತಂತಿ ಸೆಕೆಂಡಿಗೆ 110 ಸಲ ಕಂಪಿಸಿದರೆ ಸುರುಳಿಯಲ್ಲಿ ಅಷ್ಟೇ ಲಯದ ವಿದ್ಯುತ್ತು ಹುಟ್ಟುತ್ತದೆ. ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕೊಡುತ್ತದೆ. ನೈಲಾನ್ ತಂತಿ ಹಾಕಿದರೆ ಈ ಪಿಕಪ್ಪಿಗೆ ಏನೂ ಕೇಳಿಸದು. ಯಾಕೆ ಎಂಬ ಪ್ರಶ್ನೆಗೆ ಉತ್ತರವನ್ನು ಹತ್ತನೇ ತರಗತಿಯವರು ನನಗೆ ಆಮೇಲೆ ಹೇಳಬೇಕು.

ದನಿ ದೊಡ್ಡದಾದ ಮೇಲೆ ಹೊಸ ತೊಂದರೆ ಬಂತು. ಟೊಳ್ಳು ಮೈಯ ಗಿಟಾರು ಸ್ಪೀಕರಿನ ಸದ್ದಿಗೆ ತಾನೇ ಅದುರಿ ಕುಂಯ್ ಎನ್ನುತ್ತಿತ್ತು. ನಮ್ಮ ಊರಹಬ್ಬದ ಮೈಕಿನ ಹಾಗೆ. ಹಾಗಾದರೆ ಮೈಯನ್ನೇ ಗಟ್ಟಿ ಮರದಲ್ಲಿ ಮಾಡಿದರೆ? ಇದನ್ನು ಕಾರ್ಖಾನೆಯ ಸರಕಾಗಿ ಗೆಲ್ಲಿಸಿದವರಲ್ಲಿ ಮುಖ್ಯರು ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್. ರೇಡಿಯೋ ರಿಪೇರಿ ಮಾಡುತ್ತಿದ್ದವರು. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ! ವಾದಕರನ್ನು ಕೇಳಿ ಕೇಳಿ ಟೆಲಿಕ್ಯಾಸ್ಟರ್, 1954ರಲ್ಲಿ ಸ್ಟ್ರ್ಯಾಟೊಕ್ಯಾಸ್ಟರ್ ಮಾಡಿದರು. ಅದರ ಕುತ್ತಿಗೆಯನ್ನು ನಾಲ್ಕು ಸ್ಕ್ರೂ ಬಿಚ್ಚಿ ಬದಲಿಸಬಹುದಿತ್ತು. ರಿಪೇರಿಯವನ ಬುದ್ಧಿ ಎಂದರೆ ಇದು.

ಇನ್ನೊಂದು ಕಾಟ ಕರೆಂಟಿನ ಗುಂಯ್ ಸದ್ದು. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಎರಡು ಸುರುಳಿಗಳನ್ನು ಜೋಡಿಸಿ, ಸುತ್ತಿನ ದಿಕ್ಕನ್ನೂ ಕಾಂತದ ಧ್ರುವವನ್ನೂ ಒಂದರಲ್ಲಿ ತಿರುಗುಮುರುಗು ಮಾಡಿದರು. ಹೊರಗಿನಿಂದ ಬಂದ ಗುಂಯ್ ಸದ್ದು ಒಂದರಲ್ಲಿ ಕೂಡಿದರೆ ಇನ್ನೊಂದರಲ್ಲಿ ಕಳೆದು ಸೊನ್ನೆಯಾಗುತ್ತದೆ. ತಂತಿಯ ದನಿ ಮಾತ್ರ ಎರಡರಲ್ಲೂ ಕೂಡಿಕೊಳ್ಳುತ್ತದೆ. ಕಂಪ್ಯೂಟರಿನ ನೆಟ್‌ವರ್ಕ್ ಕೇಬಲ್ಲಿನಲ್ಲಿ ತಂತಿಗಳನ್ನು ಜೋಡಿ ಜೋಡಿಯಾಗಿ ಹೊಸೆದಿರುತ್ತಾರಲ್ಲ, ಹೊರಗಿನ ಗದ್ದಲವನ್ನು ಹೀಗೆ ಕಳೆದುಹಾಕುವ ಲೆಕ್ಕ ಅಲ್ಲಿಯೂ ಇದೆ.

ಇಲ್ಲಿಯವರೆಗೆ ಹೆಚ್ಚಿನವರು ಶುದ್ಧ ದನಿಯನ್ನು ಹುಡುಕುತ್ತಿದ್ದರು. ಆಂಪ್ಲಿಫೈಯರಿಗೆ ತಾಕತ್ತು ಮೀರಿ ಕೊಟ್ಟರೆ ಅಲೆಯ ತುದಿಗಳು ಕತ್ತರಿಸಿದಂತೆ ಚಪ್ಪಟೆಯಾಗಿ, ಮೂಲ ಸ್ವರದ ಜೊತೆ ಹೊಸ ಉಪಸ್ವರಗಳು ಸೇರಿ ದನಿ ಒರಟಾಗುತ್ತದೆ. ಇಂಜಿನಿಯರುಗಳಿಗೆ ಅದು ದೋಷ. ನ್ಯಾಶ್‌ವಿಲ್‌ನ ಸ್ಟುಡಿಯೋ ಒಂದರಲ್ಲಿ ಮಾರ್ಟಿ ರಾಬಿನ್ಸ್ ಅವರ ಹಾಡಿನ ಧ್ವನಿಮುದ್ರಣ ನಡೆದಾಗ ಉಪಕರಣ ಕೆಟ್ಟು ಗಿಟಾರಿನ ದನಿ ಹೀಗೇ ಒಡೆಯಿತು. ಅವರು ಅದನ್ನು ಹಾಗೆಯೇ ಉಳಿಸಿಕೊಂಡರು. 1961ರಲ್ಲಿ ಹಾಡು ಜನಪ್ರಿಯವಾಯಿತು. ಅಲ್ಲಿನ ಇಂಜಿನಿಯರ್ ಗ್ಲೆನ್ ಸ್ನಾಡಿ ಆ ದನಿಯನ್ನು ಬೇಕೆಂದಾಗ ತರುವ ಟ್ರಾನ್ಸಿಸ್ಟರ್ ಪೆಟ್ಟಿಗೆಯನ್ನು ರೂಪಿಸಿದರು. 1962ರಲ್ಲಿ ಅದು ಫಝ್-ಟೋನ್ ಹೆಸರಿನಲ್ಲಿ ಅಂಗಡಿಗೆ ಬಂತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ಅದನ್ನು ಬಳಸಿದ ಮೇಲೆ ಲೋಕವೇ ಕೇಳಿತು. ಜಿಮಿ ಹೆಂಡ್ರಿಕ್ಸ್ ಅವರಂತೂ ಕುಂಯ್‌ಗುಡುವ ಸದ್ದನ್ನೂ ಸಂಗೀತಕ್ಕೆ ಪಳಗಿಸಿದರು.

ಬರ್ಮಿಂಗ್‌ಹ್ಯಾಮಿನ ಟೋನಿ ಅಯೋಮಿ ಅವರ ಬಗ್ಗೆ ಹೇಳದಿದ್ದರೆ ಈ ಮಾತು ಪೂರ್ತಿಯಾಗದು. ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ 17ರ ಹುಡುಗ. ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋದವು. ಎಡಚರಾದ ಅವರು ತಂತಿ ಒತ್ತುತ್ತಿದ್ದುದೇ ಆ ಕೈಯಲ್ಲಿ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡರು, ತೆಳು ತಂತಿ ಹಾಕಿದರು, ಮುಂದೆ ತಂತಿಯ ಬಿಗಿಯನ್ನೂ ಇಳಿಸಿದರು. ಆಗ ಬಂದ ಆಳವಾದ, ಭಾರವಾದ ದನಿಯೇ ಬ್ಲ್ಯಾಕ್ ಸಬ್ಬತ್ ತಂಡದ ಮೂಲಕ ಹೆವಿ ಮೆಟಲ್ ಸಂಗೀತಕ್ಕೆ ಬುನಾದಿಯಾಯಿತು.

ನಮ್ಮ ಸಂಗೀತಕ್ಕೂ ಈ ತಂತ್ರ ಒದಗಿದೆ. ಮ್ಯಾಂಡೊಲಿನ್ ದನಿ ಬೇಗ ಅಡಗುತ್ತದೆ, ಗಮಕಕ್ಕೆ ದನಿ ನಿಲ್ಲಬೇಕು. ಯು. ಶ್ರೀನಿವಾಸ್ ಅವರು ಎಲೆಕ್ಟ್ರಿಕ್ ಮ್ಯಾಂಡೊಲಿನ್ ಹಿಡಿದು, ಜೋಡಿ ತಂತಿಗಳನ್ನು ಬಿಟ್ಟು ಐದು ಒಂಟಿ ತಂತಿ ಹಾಕಿ, ಕರ್ನಾಟಕ ಸಂಗೀತವನ್ನು ಅದರಲ್ಲಿ ನುಡಿಸಿದರು. ಇವತ್ತು ಹಳೆಯ ವಾಲ್ವ್ ಆಂಪ್ಲಿಫೈಯರುಗಳ ಆ 'ದೋಷ'ವನ್ನೇ ನನ್ನಂಥ ಸಾಫ್ಟ್‌ವೇರಿನವರು ಲೆಕ್ಕ ಹಾಕಿ ಕಂಪ್ಯೂಟರಿನಲ್ಲಿ ಮರಳಿ ಹುಟ್ಟಿಸುತ್ತಿದ್ದಾರೆ.

ವಿದ್ಯಾರ್ಥಿಗಳೇ, ಈ ಕಥೆಯಲ್ಲಿ ಬಂದವರು ಕಾರ್ಖಾನೆಯವರು, ರಿಪೇರಿಯವರು, ವಾದಕರು. ಅವರೆಲ್ಲ ಕೈಗೆ ಸಿಕ್ಕಿದ್ದನ್ನು ಬಿಚ್ಚಿ ನೋಡಿದವರು. ಕನ್ನಡದಲ್ಲಿ ಓದಿದ ಪಾಠವೂ ಫ್ಯಾರಡೆಯ ಪಾಠವೇ. ವಸ್ತುವನ್ನು ಬಿಚ್ಚುವ ಧೈರ್ಯವೊಂದು ಜೊತೆಗೆ ಬೇಕು.

ಹಿರಿಯ ವಿದ್ಯಾರ್ಥಿ ಬಳಗಕ್ಕೆ ನನ್ನದೊಂದು ಕೋರಿಕೆ. ಮಹೋತ್ಸವದ ನೆನಪಿಗೆ ಕಂಪ್ಯೂಟರ್ ಕೊಡೋಣ. ಅದರ ಪಕ್ಕದಲ್ಲೇ ಒಂದು ಉದ್ದನೆಯ ಮೇಜು, ಸ್ಕ್ರೂಡ್ರೈವರ್, ಮಲ್ಟಿಮೀಟರ್, ಸೋಲ್ಡರಿಂಗ್ ಐರನ್, ಊರಿನ ಕೆಟ್ಟ ರೇಡಿಯೋಗಳು ಇರಲಿ. ಮೇಷ್ಟ್ರ ಎದುರಿನಲ್ಲಿ, ಬ್ಯಾಟರಿಯ ಕರೆಂಟಿನಲ್ಲಿ, ಮಕ್ಕಳು ಬಿಚ್ಚಿ ಜೋಡಿಸಲಿ. ಮೊದಲ ಮೇಜಿನ ಖರ್ಚು ನನ್ನದು. ಮೊದಲ ಪ್ರಯೋಗವೂ ಸಿದ್ಧವಿದೆ: ಒಂದು ಉಕ್ಕಿನ ತಂತಿ, ಒಂದು ಅಯಸ್ಕಾಂತ, ಹಳೆಯ ಮೋಟರಿನಿಂದ ಬಿಚ್ಚಿದ ತಾಮ್ರದ ತಂತಿ.