ದರಪಟ್ಟಿ ಕೊಟ್ಟ ಮೇಲೆ

ಮಂಡ್ಯದಲ್ಲಿ ಲಾರಿ ಇಟ್ಟವರು, ಮದ್ದೂರಿನಲ್ಲಿ ಮೋಟಾರು ರಿಪೇರಿ ಮಾಡುವವರು ಅಕ್ಕಿ ಗಿರಣಿಗೋ ಕಾರ್ಖಾನೆಗೋ ದರಪಟ್ಟಿ ಬರೆದುಕೊಟ್ಟು ಮನೆಯಲ್ಲಿ ಕೂರುವುದುಂಟು. ಬೇಕಾದರೆ ಅವರೇ ಕರೆದಾರು ಎಂಬ ನಂಬಿಕೆ! ಲಾರಿಯ ಸಾಲದ ಕಂತು ಮಾತ್ರ ಕಾಯುವುದಿಲ್ಲ.

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರವನ್ನೇ ನೋಡಿ. ಅಲ್ಲಿನ ವಿದ್ಯುತ್ತಿಗೆ ಮೊದಲ ಗಿರಾಕಿ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿ. ಅಷ್ಟು ದೂರ ತಂತಿಯಲ್ಲಿ ಶಕ್ತಿ ಹರಿದೀತೇ ಎಂಬ ಸಂದೇಹ ಯಾರಿಗಾದರೂ ಸಹಜವೇ. ಮೈಸೂರು ಸರ್ಕಾರದ ಎಂಜಿನಿಯರು ಡಿ ಲಾಟ್ಬಿನಿಯರ್ ಯೂರೋಪು, ಅಮೆರಿಕಗಳಿಗೆ ಹೋಗಿ ವಿಚಾರಿಸಿ ಬಂದರು, ಗಣಿಯವರೊಡನೆ ಕರಾರಾಯಿತು, 1902ರ ಜೂನ್ 30ರಂದು ಗಣಿಗೆ ವಿದ್ಯುತ್ತು ಮುಟ್ಟಿತು. ಬೆಲೆ ಹೇಳಿದರೆ ಸಾಲದು, ಸಂದೇಹವನ್ನೂ ನೀಗಬೇಕು.

ಆದುದರಿಂದ ವಾರ ಕಳೆದ ಮೇಲೆ ನೀವೇ ಹೋಗಿ. ‘ಏನಾಯಿತು ಸ್ವಾಮಿ?’ ಎಂದಷ್ಟೇ ಕೇಳಬೇಡಿ. ಕಬ್ಬು ಅರೆಯುವ ಕಾಲದಲ್ಲಿ ಲಾರಿ ಕೆಟ್ಟರೆ ಬದಲಿ ಲಾರಿ ಎಷ್ಟು ಹೊತ್ತಿಗೆ ಬಂದೀತೆಂಬುದನ್ನು ಬರೆದುಕೊಂಡು ಹೋಗಿ. ಸರ್ಕಾರಿ ಟೆಂಡರಿನ ದಾರಿ ಬೇರೆ: ಪರಿಶೀಲನೆ ನಡೆಯುವಾಗ ಅಧಿಕಾರಿಯ ಬಾಗಿಲು ತಟ್ಟಬಾರದು, ವಿವರಣೆ ಕೇಳಿದರೆ ಬರೆದೇ ಕೊಡಬೇಕು.

ಕೆಲಸ ಬೇರೆಯವರ ಪಾಲಾದರೂ ಮುನಿಯದೆ ಕಾರಣ ಕೇಳಿ, ನಮಸ್ಕರಿಸಿ ಬನ್ನಿ. ಮುಂದಿನ ಹಂಗಾಮು ಬಂದೇ ಬರುತ್ತದೆ.